ಮೈಸೂರಿನ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವ ಬಗೆ

ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ, ಲಂಡನ್ನಿನಲ್ಲಿ, ಇಲ್ಲವೇ ಸಿಡ್ನಿಯಲ್ಲಿ ಇದ್ದಾರೆ. ಮಗಳ ಬಾಣಂತನಕ್ಕೆಂದು ಅರವತ್ತು ದಾಟಿದ ತಂದೆತಾಯಿ ಮೊದಲ ಬಾರಿಗೆ ವಿದೇಶದ ವಿಮಾನ ಹತ್ತುತ್ತಾರೆ. ಟಿಕೆಟ್ ಕಾಯ್ದಿರಿಸುವವರು ಅಲ್ಲಿರುವ ಮಕ್ಕಳು, ಪ್ರಯಾಣ ಮಾಡುವವರು ಇಲ್ಲಿರುವ ಹಿರಿಯರು. "ಹದಿನೇಳು ಗಂಟೆ ಅಮ್ಮ, ಅಷ್ಟೇ" ಎಂಬ ಫೋನಿನ ಮಾತನ್ನು ನಂಬಿ ಹೊರಟವರಿಗೆ ಮಗಳ ಮನೆಯ ಬಾಗಿಲು ಕಾಣುವ ಹೊತ್ತಿಗೆ ಇಪ್ಪತ್ತೆಂಟು ಗಂಟೆ ಆಗಿರುತ್ತದೆ. ನಡುವೆ ಒಂದು ಕಡೆ ವಿಮಾನ ಬದಲಿಸಿದರೆ ಮೂವತ್ತೈದು. ವಿಮಾನದ ಗಂಟೆ ಒಂದು, ಪ್ರಯಾಣಿಕರ ಗಂಟೆ ಇನ್ನೊಂದು. ಮಾತ್ರೆ, ಊಟ, ನಿದ್ದೆ, ಕರೆತರಲು ಹೋಗುವ ಕಾರು ಎಲ್ಲವೂ ಎರಡನೆಯದನ್ನು ಅವಲಂಬಿಸಿವೆ. ಮೊಬೈಲಿನ ಕ್ಯಾಲ್ಕುಲೇಟರ್, ಒಂದು ಹಾಳೆ, ಪೆನ್ನು ಇದ್ದರೆ ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹಿರಿಯರೇ ಕುಳಿತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮುಂದೆ ಏನಿದೆ ಎಂದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಹೆಜ್ಜೆ 1: ಹೊರಡುವ ನಿಲ್ದಾಣವನ್ನು ಗೊತ್ತುಮಾಡಿ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ನಂಜನಗೂಡು ರಸ್ತೆಯಲ್ಲಿ, ಊರಿಗೆ ಹತ್ತಿರದಲ್ಲೇ ಇದೆ. ಆದರೆ ಅದರ ರನ್‌ವೇ 1,740 ಮೀಟರ್. ಎಟಿಆರ್ 72ರಂಥ, ಎಪ್ಪತ್ತರ ಆಸುಪಾಸಿನ ಆಸನಗಳಿರುವ ಪ್ರೊಪೆಲ್ಲರ್ ವಿಮಾನಕ್ಕೆ ಅಷ್ಟು ಸಾಕು. ಖಂಡ ದಾಟಲು ಇಂಧನ ತುಂಬಿಕೊಂಡ ಬೋಯಿಂಗ್ 777 ಮೇಲೇಳಲು ಮೂರು ಕಿಲೋಮೀಟರಿನ ಆಸುಪಾಸು ಬೇಕು. ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು 4,000 ಮೀಟರ್ ಉದ್ದದವು. ಹಾಗಾಗಿ ದೂರದೇಶದ ಲೆಕ್ಕ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಂದಲೇ.

ಕೊಲ್ಲಿ ದೇಶಗಳಿಗೆ ಹೋಗುವವರು ಕಣ್ಣೂರನ್ನೂ ಒಮ್ಮೆ ನೋಡಿಕೊಳ್ಳಬೇಕು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಘಾಟಿ, ಇರಿಟ್ಟಿ ದಾಟಿದರೆ ಮಟ್ಟನ್ನೂರಿನ ನಿಲ್ದಾಣ ಸಿಗುತ್ತದೆ. 2018ರ ಡಿಸೆಂಬರ್‌ನಲ್ಲಿ ಆರಂಭವಾದದ್ದು. ಮೈಸೂರಿನಿಂದ ದೇವನಹಳ್ಳಿಗಿಂತ ಅದು ದೂರವೇನಲ್ಲ. ಕೋಳಿಕ್ಕೋಡ್ ನಿಲ್ದಾಣ ಆರಿಸಿಕೊಂಡವರು ಮಾತ್ರ ಒಂದನ್ನು ಮರೆಯಬಾರದು: ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ಸಂಜೆಯೇ ಕಾಡು ದಾಟಿರಬೇಕು.

ಹೆಜ್ಜೆ 2: ನಿಲ್ದಾಣದಿಂದ ನಿಲ್ದಾಣಕ್ಕೆ ದೂರ ಅಳೆಯಿರಿ

ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ಉರುಟಾದ ಭೂಮಿಯನ್ನು ಚಪ್ಪಟೆ ಮಾಡಿದಾಗ ಧ್ರುವದ ಕಡೆಯ ಅಂತರಗಳು ಹಿಗ್ಗುತ್ತವೆ, ಆ ಗೆರೆ ದಾರಿ ತಪ್ಪಿಸುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನು ತೆಗೆದುಕೊಳ್ಳಿ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಅದು ಉತ್ತರಕ್ಕೆ ಏರಿ, ನೇಪಾಳ, ಟಿಬೆಟ್, ಚೀನಾ ದಾಟಿ, ಪೂರ್ವ ಸೈಬೀರಿಯಾದ ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಳದ ಅಡ್ಡಳತೆ 30 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ದಾರದ ಒಂದು ಸೆಂಟಿಮೀಟರ್ ಸುಮಾರು 425 ಕಿ.ಮೀ. ನಿಮ್ಮ ದಾರ ಹೆಚ್ಚುಕಡಿಮೆ 33 ಸೆಂಟಿಮೀಟರ್ ಬರುತ್ತದೆ: 14,000 ಕಿ.ಮೀ.

ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಪ್ರೌಢಶಾಲೆಯ ತ್ರಿಕೋನಮಿತಿ ಸಾಕು. ಪಿಯುಸಿ ಓದುವ ಮೊಮ್ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಬೈಲನ್ನು ಅಡ್ಡಲಾಗಿ ಹಿಡಿದರೆ ಹೆಚ್ಚಿನ ಕ್ಯಾಲ್ಕುಲೇಟರ್‌ಗಳಲ್ಲಿ ಸೈನ್, ಕೊಸೈನ್ ಗುಂಡಿಗಳು ಕಾಣುತ್ತವೆ. ಅದು ರೇಡಿಯನ್‌ನಲ್ಲಿರದೆ ಡಿಗ್ರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ದೇವನಹಳ್ಳಿ ನಿಲ್ದಾಣದ ಅಕ್ಷಾಂಶ 13.2 ಉತ್ತರ, ರೇಖಾಂಶ 77.7 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಅಕ್ಷಾಂಶ 37.6 ಉತ್ತರ, ರೇಖಾಂಶ 122.4 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಬೇಕು: 200.1. ಇದು 180ನ್ನು ಮೀರಿತು, ಹಾಗಾಗಿ 360ರಿಂದ ಕಳೆಯಿರಿ: 159.9.

ಈಗ ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.2284 × 0.6101 = 0.1393. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ 159.9ರ ಕೊಸೈನನ್ನೂ ಗುಣಿಸಿ: 0.9736 × 0.7923 × −0.9391 = −0.7244. ಎರಡನ್ನೂ ಕೂಡಿದರೆ −0.5851. ಇದರ ವಿಲೋಮ ಕೊಸೈನ್ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.2 ಕಿ.ಮೀ. ಗುಣಿಸಿದರೆ 13,989 ಕಿ.ಮೀ. ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿದಾಗ ಏರ್ ಇಂಡಿಯಾ ಪ್ರಕಟಿಸಿದ ದೂರ 13,993 ಕಿ.ಮೀ. ಅಡುಗೆಮನೆಯ ಮೇಜಿನ ಮೇಲೆ ಮಾಡಿದ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ನಾಲ್ಕೇ ಕಿಲೋಮೀಟರ್ ಅಂತರ ಎಂದರೆ ನನಗೆ ಈಗಲೂ ಖುಷಿಯಾಗುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ಗೂಗಲ್ ಅರ್ಥ್‌ನಲ್ಲಿ ದೂರ ಅಳೆಯುವ ಸಾಧನವಿದೆ, ಉತ್ತರ ಅದೇ ಬರುತ್ತದೆ. ದೇವನಹಳ್ಳಿಯಿಂದ ದುಬೈ ಸುಮಾರು 2,700 ಕಿ.ಮೀ., ಸಿಂಗಪುರ 3,180, ಫ್ರಾಂಕ್‌ಫರ್ಟ್ 7,400, ಲಂಡನ್‌ನ ಹೀಥ್ರೂ 8,040, ಸಿಡ್ನಿ 9,350, ನ್ಯೂಯಾರ್ಕ್ 13,350. ದಕ್ಷಿಣ ಗೋಳಾರ್ಧದ ಸಿಡ್ನಿಯಂಥ ಊರಿಗೆ ಲೆಕ್ಕ ಹಾಕುವಾಗ ಅದರ ಅಕ್ಷಾಂಶದ ಮುಂದೆ ಋಣ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ ಸಿಡ್ನಿಯ ದೂರ ಸುಮಾರು 1,700 ಕಿಲೋಮೀಟರ್ ಕಡಿಮೆ ಬರುತ್ತದೆ.

ಹೆಜ್ಜೆ 3: ಹಾರುವ ದಾರಿ ಇದಕ್ಕಿಂತ ಉದ್ದ, ಅದನ್ನು ಸೇರಿಸಿ

ಯಾವ ವಿಮಾನವೂ ಆ ದಾರದ ಗುಂಟ ಹಾರುವುದಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು ಮೂರು ಸಾವಿರ ಮೀಟರಿಗೆ ಇಳಿಯಬೇಕಾಗುತ್ತದೆ. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಹಾಗಾಗಿ ಹೆಚ್ಚಿನ ವಿಮಾನಗಳು ಟಿಬೆಟ್ಟನ್ನು ತಪ್ಪಿಸಿ ಸುತ್ತಿ ಹೋಗುತ್ತವೆ. ಎರಡನೆಯ ಕಾರಣ, ದೇಶಗಳ ಜಗಳ. 2022ರಿಂದ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಎಷ್ಟೋ ಪ್ರಯಾಣಗಳು ಉದ್ದವಾದವು, ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ಆದ್ದರಿಂದ ಅದೇ ಊರಿಗೆ ಹೋಗುವ ಎರಡು ಕಂಪನಿಗಳ ವಿಮಾನಗಳ ಗಂಟೆಗಳು ಬೇರೆ ಬೇರೆ ಇದ್ದರೆ ಆಶ್ಚರ್ಯಪಡಬೇಡಿ.

ಮೂರನೆಯದು ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ ಇನ್ನೂರು ಕಿಲೋಮೀಟರ್ ಮೀರುವುದುಂಟು. ಅದು ಬೆನ್ನಿಗಿದ್ದರೆ ಪೈಲಟ್ ಅದನ್ನು ಹುಡುಕಿಕೊಂಡು ಹೋಗುತ್ತಾನೆ, ಎದುರಿಗಿದ್ದರೆ ತಪ್ಪಿಸಿಕೊಂಡು ಸುತ್ತುತ್ತಾನೆ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಿತು. ಅದು ಹಾರಿದ್ದು ಸುಮಾರು 16,000 ಕಿ.ಮೀ. ಎಂದು ಆಗ ವರದಿಯಾಯಿತು. ನೇರ ದೂರಕ್ಕಿಂತ ಎರಡು ಸಾವಿರ ಹೆಚ್ಚು. ಎಲ್ಲ ಮಾರ್ಗಗಳಲ್ಲೂ ಇಷ್ಟು ಹೆಚ್ಚಾಗುವುದಿಲ್ಲ. ಸಾಮಾನ್ಯ ದಾರಿಗೆ ನೂರಕ್ಕೆ ಐದರಷ್ಟು ಸೇರಿಸಿಕೊಂಡರೆ ನಡೆಯುತ್ತದೆ.

ಹೆಜ್ಜೆ 4: ದೂರವನ್ನು ಗಂಟೆಗೆ ತಿರುಗಿಸಿ

ದೊಡ್ಡ ಜೆಟ್ ವಿಮಾನ ಶಬ್ದದ ವೇಗದ ನೂರಕ್ಕೆ 85ರಷ್ಟು ವೇಗದಲ್ಲಿ ಹಾರುತ್ತದೆ. ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ 900 ಕಿಲೋಮೀಟರಿನಷ್ಟಾಗುತ್ತದೆ. ದಾರಿಯ ಸುತ್ತು, ಏರುವ ಇಳಿಯುವ ನಿಧಾನ ಎಲ್ಲವನ್ನೂ ಈ ವೇಗದಲ್ಲೇ ತಗ್ಗಿಸಿಕೊಂಡು, ಹೆಜ್ಜೆ 2ರ ನೇರ ದೂರವನ್ನೇ 850ರಿಂದ ಭಾಗಿಸಿ, ನೆಲದ ಮೇಲೆ ಉರುಳುವುದಕ್ಕೆ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಕೂಡಿ. ದುಬೈಗೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ, ಫ್ರಾಂಕ್‌ಫರ್ಟ್‌ಗೆ ಒಂಬತ್ತೂಕಾಲು, ಲಂಡನ್‌ಗೆ ಹತ್ತು, ಸಿಡ್ನಿಗೆ ಹನ್ನೊಂದೂವರೆ, ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನೇಳು ಎಂದು ಬರುತ್ತದೆ. ಯುರೋಪಿಗೆ ಹೋಗುವಾಗ ಎದುರು ಗಾಳಿಗೆಂದು ಅರ್ಧದಿಂದ ಒಂದು ಗಂಟೆ ಸೇರಿಸಿ. ಬರುವಾಗ ಸ್ವಲ್ಪ ಕಳೆಯಿರಿ. ಮಂಡಕಳ್ಳಿಯಿಂದ ಹೈದರಾಬಾದಿಗೆ ಹಾರುವ ಎಟಿಆರ್‌ಗೆ 850 ಎಂದು ಹಾಕಿದರೆ ಲೆಕ್ಕ ಕೆಡುತ್ತದೆ, ಅದರ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. 590 ಕಿ.ಮೀ. ದೂರಕ್ಕೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯುತ್ತದೆ.

ಹೆಜ್ಜೆ 5: ಟಿಕೆಟ್ಟಿನ ಗಡಿಯಾರವನ್ನು ಬಿಡಿಸಿ ಓದಿ

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ, ಆದ್ದರಿಂದ ಸಾವಧಾನವಾಗಿ ನೋಡೋಣ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಹಾಗೆಯೇ ಕಳೆದರೆ ಉತ್ತರ ತಪ್ಪು. ಎರಡನ್ನೂ ಭಾರತದ ವೇಳೆಗೆ ತನ್ನಿ, ಆಮೇಲೆ ಕಳೆಯಿರಿ.

ಜನವರಿಯಲ್ಲಿ ಬೆಳಗ್ಗೆ 7ಕ್ಕೆ ಬೆಂಗಳೂರು ಬಿಟ್ಟು ಲಂಡನ್ನಿಗೆ 12.30ಕ್ಕೆ ತಲುಪುವ ಟಿಕೆಟ್ ಇದೆ ಎನ್ನಿ. ನೋಡಿದರೆ ಐದೂವರೆ ಗಂಟೆ. ಚಳಿಗಾಲದ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಅಲ್ಲಿನ 12.30 ಎಂದರೆ ಇಲ್ಲಿನ ಸಂಜೆ 6. ಪ್ರಯಾಣ ಹನ್ನೊಂದು ಗಂಟೆ.

ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೆ ಮೈಸೂರಿನಲ್ಲಿ ಮರುದಿನ ಬೆಳಗ್ಗೆ 7. ಅಲ್ಲಿ ಹೊರಟ ದಿನವೇ ಸಂಜೆ 5.30. ಅಂದರೆ ರಾತ್ರಿಯ ನಿದ್ದೆಗೆಟ್ಟು ಇಳಿದವರಿಗೆ ಮತ್ತೊಂದು ಇಡೀ ರಾತ್ರಿ ಮುಂದಿದೆ. ಇದು ಹಿರಿಯರಿಗೆ ಒಳ್ಳೆಯದೇ: ಇಳಿದು ಊಟ ಮಾಡಿ ಮಲಗಬಹುದು. ಬೆಳಗ್ಗೆ ತಲುಪಿಸುವ ವಿಮಾನಕ್ಕಿಂತ ಸಂಜೆ ತಲುಪಿಸುವುದನ್ನು ನಾನು ಯಾವಾಗಲೂ ಮೇಲು ಎನ್ನುತ್ತೇನೆ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಗಡಿಯಾರ ಬದಲಾಗುವ ದಿನಗಳೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. ದುಬೈ, ಸಿಂಗಪುರದಲ್ಲಿ ಈ ಬದಲಾವಣೆಯೇ ಇಲ್ಲ.

ಇನ್ನೊಂದು, ತಾರೀಕಿನ ಮಾತು. ಯುರೋಪು, ಕೊಲ್ಲಿಯ ಕಡೆಯ ಎಷ್ಟೋ ವಿಮಾನಗಳು ದೇವನಹಳ್ಳಿಯಿಂದ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. "15ನೇ ತಾರೀಕು 02:30" ಎಂದರೆ 14ರ ರಾತ್ರಿ ಕಳೆದು ಬರುವ ನಸುಕು. 14ರ ಮಧ್ಯಾಹ್ನದ ಊಟ ಮುಗಿಸಿ ಮೈಸೂರು ಬಿಡಬೇಕು. 15ರ ರಾತ್ರಿ ಹೊರಡೋಣ ಎಂದುಕೊಂಡವರ ವಿಮಾನ ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಇಳಿದು ಗಂಟೆಗಳೇ ಕಳೆದಿರುತ್ತವೆ. ಕ್ಯಾಲೆಂಡರಿನಲ್ಲಿ 14ರ ಮನೆಯ ಮೇಲೆ ಕೆಂಪು ಶಾಯಿಯಲ್ಲಿ "ಹೊರಡುವುದು" ಎಂದು ಬರೆದಿಡಿ.

ಹೆಜ್ಜೆ 6: ವಿಮಾನ ಬದಲಿಸುವುದಿದ್ದರೆ

ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ ಒಟ್ಟು ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550. ದೂರ ಹೆಚ್ಚಿದ್ದರೂ ಎರಡರಲ್ಲೂ ಆಕಾಶದ ಹೊತ್ತು ಇಪ್ಪತ್ತು, ಇಪ್ಪತ್ತೊಂದು ಗಂಟೆ. ನಡುವಿನ ಬಿಡುವು ಹಿರಿಯರಿಗೆ ಎರಡೂವರೆಯಿಂದ ನಾಲ್ಕು ಗಂಟೆ ಇರಲಿ. ಒಂದೂಕಾಲು ಗಂಟೆಯ ಬಿಡುವು ಕಾಗದದ ಮೇಲೆ ಚೆಂದ. ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾದರೆ ಮಂಡಿ ನೋವಿನವರು ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಓಡಲಾರರು. ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡುವಾಗಲೇ ಕೇಳಿ, ಸಂಕೋಚ ಬೇಡ.

ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್ಆರ್ ಸಂಖ್ಯೆಯಲ್ಲಿ ಇರಲೇಬೇಕು. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಆ ಹೊಣೆ ನಿಮ್ಮ ತಲೆಯ ಮೇಲೆ ಬರುತ್ತದೆ.

ಹೆಜ್ಜೆ 7: ಮೈಸೂರಿನಿಂದ ದೇವನಹಳ್ಳಿ

ಮೈಸೂರಿನಿಂದ ನಿಲ್ದಾಣಕ್ಕೆ 180 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಿಂದ ಬೆಂಗಳೂರಿನ ಅಂಚು ಬೇಗ ಬರುತ್ತದೆ, ನಿಜ. ಆದರೆ ಉಳಿದ ದಾರಿ ಸಣ್ಣದಲ್ಲ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಸಂಜೆ ಸಿಕ್ಕಿಕೊಂಡವರಿಗೆ ಮಂಡ್ಯ ದಾಟಿದ್ದೇ ಸುಲಭವಾಗಿತ್ತು ಎನಿಸುತ್ತದೆ. ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬಂದು, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯಿಂದ ಹೋದರೆ ಕಿಲೋಮೀಟರ್ ಹೆಚ್ಚಾದರೂ ಊರೊಳಗಿನ ದಟ್ಟಣೆ ತಪ್ಪುತ್ತದೆ. ಕಾರಿನಲ್ಲಿ ನಾಲ್ಕು ಗಂಟೆ, ಮದ್ದೂರಿನಲ್ಲಿ ಕಾಫಿಗೆ ನಿಂತರೆ ನಾಲ್ಕೂವರೆ, ಮನಸ್ಸಿಗೆ ನೆಮ್ಮದಿ ಬೇಕೆಂದರೆ ಐದು ಇಟ್ಟುಕೊಳ್ಳಿ. ಮಂಡ್ಯದವರು ಮುಕ್ಕಾಲು ಗಂಟೆ ಕಳೆಯಬಹುದು. ಕೆಎಸ್ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಇಬ್ಬರೇ ಹೋಗುವವರಿಗೆ ನಾನು ಮೊದಲು ಹೇಳುವುದು ಅದನ್ನೇ.

ಮೂರು ಸಂದರ್ಭಗಳಲ್ಲಿ ಐದು ಗಂಟೆಯೂ ಸಾಲದು. ದಸರೆಯ ರಜೆಯ ದಿನಗಳು ಮೊದಲನೆಯದು. ಎರಡನೆಯದು ಕಾವೇರಿ ನೀರಿನ ವಿಚಾರ ಬಿಸಿಯೇರಿದಾಗ ಮಂಡ್ಯ, ಮದ್ದೂರಿನಲ್ಲಿ ನಡೆಯುವ ಹೆದ್ದಾರಿ ತಡೆ. ಮೂರನೆಯದು ಭಾರಿ ಮಳೆ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಈ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಇಂಥ ಸುದ್ದಿ ಇದ್ದರೆ ಹಿಂದಿನ ದಿನವೇ ಹೊರಟು ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿರಿ.

ನಿಲ್ದಾಣದಲ್ಲಿ ಹೊರಡುವ ವೇಳೆಗೆ ಮೂರು ಗಂಟೆ ಮೊದಲು ಇರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ.

ಹೆಜ್ಜೆ 8: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಮಧ್ಯಾಹ್ನ 2ರ ನೇರ ವಿಮಾನವೆಂದುಕೊಳ್ಳಿ. ಮನೆ ಬಿಡುವುದು ಬೆಳಗ್ಗೆ 6. ರಸ್ತೆಗೆ ಐದು ಗಂಟೆ, ನಿಲ್ದಾಣದಲ್ಲಿ ಮೂರು, ಆಕಾಶದಲ್ಲಿ ಹದಿನೇಳು, ಅಲ್ಲಿನ ವಲಸೆ ತಪಾಸಣೆ ಮತ್ತು ಸಾಮಾನಿಗೆ ಎರಡು, ಮಗಳ ಮನೆಗೆ ಒಂದು. ಒಟ್ಟು ಇಪ್ಪತ್ತೆಂಟು. ಒಂದು ಕಡೆ ಬದಲಿಸಿ ಹೋಗುವುದಾದರೆ ಹದಿನೇಳರ ಜಾಗದಲ್ಲಿ ಇಪ್ಪತ್ಮೂರೂವರೆ ಬರೆಯಿರಿ, ಮೂವತ್ನಾಲ್ಕೂವರೆ ಆಗುತ್ತದೆ.

ಇದೇ ಹಾಳೆಯ ಬಲಗಡೆ ಮಾತ್ರೆಗಳ ವೇಳೆ ಬರೆದುಕೊಳ್ಳಿ. ರಕ್ತದೊತ್ತಡದ ಮಾತ್ರೆ ದಿನಕ್ಕೊಂದು ಎಂದರೆ ಇಪ್ಪತ್ನಾಲ್ಕು ಗಂಟೆಗೊಂದು, ಅಲ್ಲಿನ ಸಂಜೆ ನೋಡಿ ಗೊಂದಲಪಡಬಾರದು. ಕೈಗಡಿಯಾರವನ್ನು ಮನೆ ತಲುಪುವವರೆಗೂ ಭಾರತದ ವೇಳೆಯಲ್ಲೇ ಬಿಟ್ಟರೆ ಈ ಲೆಕ್ಕ ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಹಾಳೆಯನ್ನು ವೈದ್ಯರಿಗೆ ತೋರಿಸಿ, ಯಾವಾಗ ಎಷ್ಟು ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ. ಔಷಧ, ಚೀಟಿ ಎರಡೂ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಹೊತ್ತುಗಟ್ಟಲೆ ಕಾಲು ಜೋತುಬಿಟ್ಟು ಕುಳಿತರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಹಿಂದಿರುಗುವಾಗಿನ ತಾರೀಕು

ಪಶ್ಚಿಮಕ್ಕೆ ಹೋಗುವಾಗ ಉಳಿದ ದಿನ ಬರುವಾಗ ಹೋಗುತ್ತದೆ. ಮೇಲೆ ಹೇಳಿದ ಆ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು ಜನವರಿ 9ರ ರಾತ್ರಿ 8.30ಕ್ಕೆ, ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ರಾತ್ರಿ 8.30 ಎಂದರೆ ಇಲ್ಲಿ ಆಗಲೇ 10ರ ಬೆಳಗ್ಗೆ 10 ಗಂಟೆ, ಅದಕ್ಕೆ ಹದಿನೇಳು ಗಂಟೆ ಸೇರಿಸಿ ನೋಡಿ. ಟಿಕೆಟ್ಟಿನಲ್ಲಿ ತಲುಪುವ ವೇಳೆಯ ಪಕ್ಕ ಸಣ್ಣ ಅಕ್ಷರದಲ್ಲಿ +1 ಅಥವಾ +2 ಎಂದಿರುತ್ತದೆ. ಅಷ್ಟು ದಿನ ಕಳೆದು ಇಳಿಯುತ್ತಾರೆ ಎಂದರ್ಥ. ಮೈಸೂರಿನಿಂದ ಕಾರು ಕಳುಹಿಸುವವರಿಗೆ ಹೊರಡುವ ತಾರೀಕು ಹೇಳಬೇಡಿ. ಇಳಿಯುವ ತಾರೀಕು, ವಾರ, ವಿಮಾನದ ಸಂಖ್ಯೆ ಬರೆದು ಕೊಡಿ. 11ರ ನಸುಕಿಗೆ ಇಳಿಯುವವರಿಗಾಗಿ ಚಾಲಕ 10ರ ರಾತ್ರಿ ಊಟ ಮುಗಿಸಿ ಮೈಸೂರು ಬಿಡಬೇಕು.